ಸಹವಾಸವೂ ಬಾಳಿನ ರೂಪವೂ

‘ಸಹವಾಸದಿಂದ ಸನ್ಯಾಸಿ ಕೆಟ್ಟ’ ಎಂಬ ಗಾದೆಯನ್ನು ಕೇಳದೆ ಬೆಳೆದ ಹೆಣ್ಣುಮಗಳು ನಮ್ಮ ಭಾಗದಲ್ಲಿ ಇರಲಾರಳು. ಮಗಳನ್ನು ಶಾಲೆಗೆ ಸೇರಿಸಲು ಬರುವ ಪಾಲಕರು ಫೀ, ಪುಸ್ತಕ, ಸಮವಸ್ತ್ರಗಳ ಮಾತನ್ನು ಮುಗಿಸಿ ಏಳುವ ಹೊತ್ತಿಗೆ, ಧ್ವನಿಯನ್ನು ತುಸು ತಗ್ಗಿಸಿ, “ಅಕ್ಕೋರೇ, ಆಕಿ ಯಾರ ಜೋಡಿ ಕೂಡ್ರತಾಳ ಅನ್ನೂದರ ಮ್ಯಾಲೆ ನಿಮ್ಮ ಲಕ್ಷ್ಯ ಇರಲಿ” ಎಂದು ಹೇಳದೆ ಹೋಗುವದಿಲ್ಲ. ಈ ಕಾಳಜಿಯು ಯೋಗ್ಯವಾದುದೇ. ಆದರೆ ಗಾದೆಯು ಅರ್ಧ ಸತ್ಯವನ್ನು ಮಾತ್ರ ಹೇಳುತ್ತದೆ. ಮೊದಲು ಒಬ್ಬ ಪೂರ್ಣನಾದ ಸನ್ಯಾಸಿಯಿದ್ದನು, ಆಮೇಲೆ ಪರರು ಬಂದು ಆತನನ್ನು ಕೆಡಿಸಿದರು ಎಂಬ ಭಾವನೆಯು ಅದರಲ್ಲಿ ಅಡಗಿದೆ. ನಮ್ಮಲ್ಲಿ ಯಾರೂ ಹಾಗೆ ಸಿದ್ಧರಾಗಿ ಹುಟ್ಟಿ ಬಂದವರಲ್ಲ. ನಾವಾಡುವ ನುಡಿ, ನಗುವ ರೀತಿ, ಅಂಜುವ ಸಂಗತಿ, ನಾಚುವ ಸಂಗತಿ ಇವೆಲ್ಲವೂ ಯಾರೋ ಒಬ್ಬರ ಬಳಿಯಲ್ಲಿ ಇದ್ದುದರಿಂದ ನಮಗೆ ಬಂದವುಗಳು. ಆದುದರಿಂದ ‘ನನ್ನ ಮಗಳನ್ನು ಯಾರು ಕೆಡಿಸುವರು?’ ಎಂದು ಕೇಳುವ ಮುಂಚೆ ‘ಆಕೆಯನ್ನು ಈವರೆಗೆ ಯಾರು ಯಾರು ಮಾಡಿದರು?’ ಎಂದು ಕೇಳಿಕೊಳ್ಳುವದು ಲೇಸು.

ಗೋಕಾವಿಯ ಬಣ್ಣದ ಗೊಂಬೆಗಳನ್ನು ಬಲ್ಲ ನಮಗೆ ಇಲ್ಲಿ ಒಂದು ಉಪಮೆಯು ಸಹಜವಾಗಿ ಹೊಳೆಯುತ್ತದೆ. ಕುಶಲಗಾರನು ಹಗುರಾದ ಕಟ್ಟಿಗೆಯನ್ನು ಕೆತ್ತಿ, ಬಣ್ಣವೇರಿಸಿ, ತನಗೆ ಬೇಕಾದ ಆಕಾರವನ್ನು ಅದಕ್ಕೆ ಕೊಡುತ್ತಾನೆ. ಹಾಗೆಯೇ ಹಿರಿಯರು ಮಕ್ಕಳಿಗೆ ಆಕಾರವನ್ನು ಕೊಡುತ್ತಾರೆಂದು ಭಾಷಣಗಳಲ್ಲಿ ಹೇಳುವದುಂಟು. ನನಗೆ ಈ ಉಪಮೆಯು ಸಮ್ಮತವಿಲ್ಲ. ಕಟ್ಟಿಗೆಯು ಸುಮ್ಮನಿರುವದು, ಮಗುವು ಸುಮ್ಮನಿರುವದಿಲ್ಲ. ಹೆತ್ತವಳನ್ನು ತಾಯಿಯನ್ನಾಗಿ ಮಾಡುವದು ಮಗುವೇ. ಪಾಠ ಹೇಳುವವಳನ್ನು ಶಿಕ್ಷಕಿಯನ್ನಾಗಿ ಮಾಡುವದು ಎದುರಿಗೆ ಕುಳಿತ ಹುಡುಗಿಯರೇ. ಸಂಬಂಧವೆಂಬುದು ಎರಡು ತುದಿಗಳಿಂದಲೂ ಕೆತ್ತುವ ಉಳಿ.

ಈ ವಿಷಯವನ್ನು ಶಾಸ್ತ್ರೀಯವಾಗಿ ಶೋಧಿಸಿದವರೂ ಇದ್ದಾರೆ. ಪೆಸಿಫಿಕ್ ಮಹಾಸಾಗರದ ಹವಾಯಿ ದ್ವೀಪಗಳಲ್ಲಿ ಕಾವಾಯಿ ಎಂಬುದೊಂದು. ಅಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳ ಬಾಳನ್ನು ಎಮಿ ವರ್ನರ್ ಎಂಬ ಮನಃಶಾಸ್ತ್ರಜ್ಞೆಯೂ ಅವರ ಸಹೋದ್ಯೋಗಿಗಳೂ ದಶಕಗಳವರೆಗೆ ಬೆನ್ನು ಹತ್ತಿ ಅಭ್ಯಸಿಸಿದರು. ಬಡತನ, ಮನೆಯೊಳಗಣ ಕಲಹ, ತಂದೆತಾಯಿಗಳ ಕುಡಿತ ಅಥವಾ ಮನೋವ್ಯಾಧಿ ಇಂಥ ಹಲವು ಕಷ್ಟಗಳು ಒಟ್ಟಾಗಿ ಮುತ್ತಿದ ಮಕ್ಕಳು ಕೆಡುವರೆಂದೇ ಯಾರಾದರೂ ಊಹಿಸುವರು. ಬಹಳ ಮಂದಿಗೆ ತೊಂದರೆಯಾದುದೂ ನಿಜ. ಆದರೆ ಅಂಥವರಲ್ಲಿಯೇ ಸುಮಾರು ಮೂರರಲ್ಲಿ ಒಂದು ಪಾಲಿನವರು ದಕ್ಷರೂ ಪ್ರೀತಿಯುಳ್ಳವರೂ ಆಗಿ ಬೆಳೆದರು. ಅವರ ಬಾಳಿನಲ್ಲಿ ಕಂಡುಬಂದ ಕಾರಣಗಳು ಹಲವಾದರೂ ಅವುಗಳೊಳಗೆ ಒಂದು ಎದ್ದು ತೋರುವದು: ಚಿಕ್ಕಂದಿನಲ್ಲಿ ಅವರನ್ನು ಕೈಬಿಡದೆ ನಿಂತ ಹಿರಿಯರೊಬ್ಬರು ಇದ್ದರು. ಆ ಹಿರಿಯರು ತಂದೆತಾಯಿಗಳೇ ಆಗಿರಬೇಕೆಂದೇನೂ ಇರಲಿಲ್ಲ. ಅಜ್ಜಿ, ಅತ್ತೆ, ನೆರೆಯವರು, ಶಿಕ್ಷಕರು, ಯಾರಾದರೂ ಆದೀತು.

ಇದರ ನಿದರ್ಶನಕ್ಕಾಗಿ ನಾವು ಸಾಗರವನ್ನು ದಾಟಬೇಕಾಗಿಲ್ಲ. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಜನಿಸಿದ ಶ್ರೀ ಚಂದ್ರಶೇಖರ ಕಂಬಾರರು ಗೋಕಾಕದಲ್ಲಿ ಓದಿದವರು. ಬಡತನದ ದೆಸೆಯಿಂದ ಅವರ ಶಾಲೆಯು ನಡುವೆಯೇ ನಿಂತುಹೋಯಿತು. ಆಗ ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಆ ಹುಡುಗನನ್ನು ಹರಸಿ, ಹೈಸ್ಕೂಲ ವಿದ್ಯಾಭ್ಯಾಸದ ಖರ್ಚನ್ನು ತಾವು ವಹಿಸಿಕೊಂಡರು. ಅದೇ ಹುಡುಗನು ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲನೆಯ ಕುಲಪತಿಯಾದನು. 2010ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದನು. 2018ರಿಂದ 2023ರ ವರೆಗೆ ದಿಲ್ಲಿಯ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷನಾಗಿದ್ದನು. ಪ್ರತಿಭೆಯಿದ್ದವನು ಹೇಗಾದರೂ ಮೇಲೆ ಬರುತ್ತಿದ್ದನೆಂದು ಹೇಳುವವರುಂಟು. ಶಾಲೆ ಬಿಟ್ಟು ಹೋದ ಎಷ್ಟೋ ಮಕ್ಕಳ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದುಹಾಕಿರುವ ನಮ್ಮಂಥವರಿಗೆ ಈ ಮಾತಿನಲ್ಲಿ ನಂಬಿಕೆಯು ಹುಟ್ಟುವದಿಲ್ಲ.

ಗೆಳೆತನದ ಬಲವನ್ನು ಕಾಣಬೇಕಾದರೆ ಗೋಕಾಕ ತಾಲೂಕಿನ ಬೆಟಗೇರಿಯನ್ನು ನೆನೆಯಬಹುದು. ‘ಆನಂದಕಂದ’ರೆಂದು ಪ್ರಸಿದ್ಧರಾದ ಬೆಟಗೇರಿ ಕೃಷ್ಣಶರ್ಮರು 1900ರಲ್ಲಿ ಅಲ್ಲಿ ಜನಿಸಿದರು. ಅವರು ಧಾರವಾಡದಲ್ಲಿ ದ. ರಾ. ಬೇಂದ್ರೆಯವರ ‘ಗೆಳೆಯರ ಗುಂಪಿ’ಗೆ ಸೇರಿದರು. ಸಮವಯಸ್ಕರು ಒಬ್ಬರ ಬರಹವನ್ನೊಬ್ಬರು ಕೇಳಿ ತಿದ್ದಿಕೊಳ್ಳುವ ಇಂಥ ಕೂಟದಲ್ಲಿ ಕಲಿಯುವದನ್ನು ಯಾವ ಗುರುವೂ ಕಲಿಸಲಾರನು. ಹುಡುಗಿಯರ ಗೆಳೆತನವೆಂದರೆ ಬರಿಯ ಹರಟೆಯೆಂದು ತಿಳಿಯುವ ಪಾಲಕರು ಇದನ್ನು ಸ್ವಲ್ಪ ಯೋಚಿಸಲಿ.

ಇನ್ನು ಕೆಡುಕಿನ ಮಾತಿಗೆ ಬರೋಣ. ಇದನ್ನು ಇಂಥ ಸಂಚಿಕೆಯಲ್ಲಿ ಎತ್ತಬಾರದೆಂದು ಕೆಲವರಿಗೆ ಅನಿಸೀತು. ನನಗೆ ಹಾಗೆ ಅನಿಸುವದಿಲ್ಲ. ನಮ್ಮ ಜಿಲ್ಲೆಯಲ್ಲಿ ಚಿಕ್ಕ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡುವ ರೂಢಿಯು ಬಹುಕಾಲ ನಡೆದು ಬಂದಿತು. ಇದರಲ್ಲಿ ಗಮನಿಸತಕ್ಕ ಸಂಗತಿಯೇನೆಂದರೆ, ಹುಡುಗಿಯನ್ನು ಅಲ್ಲಿಗೆ ಒಯ್ದವರು ಪರಕೀಯರಲ್ಲ, ವೈರಿಗಳಲ್ಲ. ತಾಯಿ, ತಂದೆ, ಅಜ್ಜಿ, ಬಳಗದವರು ಇವರೇ. ಗಂಡುಮಗನಿಲ್ಲದ ಮನೆಯಲ್ಲಿ ಮಗಳೇ ಮಗನಾಗಿ ನಿಂತು ಮುಪ್ಪಿನಲ್ಲಿ ನಮ್ಮನ್ನು ಸಾಕಲಿ ಎಂಬ ಆಸೆ. ಮನೆಯಲ್ಲಿ ಬೇನೆ ಬಿದ್ದರೆ ದೇವಿಯ ಮುನಿಸೆಂಬ ಭಯ. ಕೂದಲು ಜಡೆಗಟ್ಟಿದರೆ ಅದು ದೇವಿಯ ಕರೆಯೆಂಬ ನಂಬಿಕೆ. ಇವೆಲ್ಲಕ್ಕೂ ಮೇಲಾಗಿ ‘ಮಂದಿ ಏನಂದಾರು?’ ಎಂಬ ಅಂಜಿಕೆ. ಪ್ರೀತಿಯೂ ಭಯವೂ ಒಂದೇ ಹಗ್ಗವಾಗಿ ಹೊಸೆದು ಮಗುವಿನ ಕೊರಳಿಗೆ ಬಿದ್ದವು. ತಾನು ಮುತ್ತು ಕಟ್ಟಿಸಿಕೊಂಡ ತಾಯಿಯೇ ಮಗಳಿಗೂ ಕಟ್ಟಿಸಿದುದುಂಟು. ಬೇರೆ ಬಾಳನ್ನು ಆಕೆಯು ಹತ್ತಿರದಿಂದ ಕಂಡೇ ಇರಲಿಲ್ಲ.

ಕಾಯದೆಗಳು ಆದವು. ನಮ್ಮ ಭಾಗವು ಮುಂಬಯಿ ಇಲಾಖೆಯಲ್ಲಿದ್ದಾಗ 1934ರಲ್ಲಿ ಒಂದು, ಕರ್ನಾಟಕವಾದ ಮೇಲೆ 1982ರಲ್ಲಿ ಇನ್ನೊಂದು. ಹೀಗಿದ್ದೂ ಸರಕಾರವು 1993-94ರಲ್ಲಿ ಸಮೀಕ್ಷೆ ಮಾಡಿಸಿದಾಗ ರಾಜ್ಯದಲ್ಲಿ 22,873 ದೇವದಾಸಿ ಮಹಿಳೆಯರು ಗಣನೆಗೆ ಬಂದರು. ಕಾಯದೆಯು ಅವಶ್ಯವಾದುದು, ಆದರೆ ಅದು ಗುಡಿಯ ಬಾಗಿಲಿನಲ್ಲಿ ಪೋಲೀಸನನ್ನು ನಿಲ್ಲಿಸಬಲ್ಲದು, ಒಲೆಯ ಮುಂದೆ ನಡೆಯುವ ಮಾತಿನಲ್ಲಿ ಬಾಯಿ ಹಾಕಲಾರದು. ಆ ಮಾತನ್ನು ಬದಲಿಸಿದವರು ಬೇರೆ. 1990ರ ಸುಮಾರಿಗೆ ಮೈರಾಡ ಸಂಸ್ಥೆಯವರು ಬೆಳಗಾವಿ ಜಿಲ್ಲೆಯಲ್ಲಿ ಈ ಮಹಿಳೆಯರನ್ನು ಸಂಘಗಳಲ್ಲಿ ಕೂಡಿಸತೊಡಗಿದರು. ಸ್ವಲ್ಪ ಸ್ವಲ್ಪ ಹಣವನ್ನು ಉಳಿಸುವದು, ವಾರಕ್ಕೊಮ್ಮೆ ಒಟ್ಟಿಗೆ ಕುಳಿತು ಮಾತಾಡುವದು, ಹೊರಗಿನಿಂದ ನೋಡಿದರೆ ಇಷ್ಟೇ. 1997ರಲ್ಲಿ ಆ ಮಹಿಳೆಯರೇ ಸೇರಿ ಗೋಕಾಕ ತಾಲೂಕಿನ ಘಟಪ್ರಭಾದಲ್ಲಿ ‘ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ’ಯನ್ನು ಕಟ್ಟಿದರು. ಮುತ್ತು ಕಟ್ಟಿಸಿಕೊಂಡವಳೇ ಇನ್ನೊಬ್ಬ ತಾಯಿಯ ಮನೆಗೆ ಹೋಗಿ, ಆಕೆಯ ಪಕ್ಕದಲ್ಲಿ ಕುಳಿತು, “ಯವ್ವಾ, ನನಗ ಆದದ್ದು ನಿನ್ನ ಮಗಳಿಗೆ ಬ್ಯಾಡ” ಎಂದು ಹೇಳುವದಕ್ಕೂ, ಅಧಿಕಾರಿಯೊಬ್ಬನು ನಿಂತು ಕಲಮುಗಳನ್ನು ಓದುವದಕ್ಕೂ ಎಷ್ಟು ಅಂತರ! ಜಡೆಗಟ್ಟಿದ ಕೂದಲು ತೊಳೆದು ಬಾಚದೆ ಇದ್ದುದರ ಫಲವೆಂದು ಅವರೇ ತಿಳಿಹೇಳಿದರು.

ಚಿಕ್ಕೋಡಿ ತಾಲೂಕಿನ ಕಬ್ಬೂರಿನ ಶ್ರೀಮತಿ ಸೀತವ್ವ ಜೋಡಟ್ಟಿಯವರು ಏಳು ವರುಷದ ಬಾಲೆಯಾಗಿದ್ದಾಗ ದೇವದಾಸಿಯಾಗಿ ಬಿಡಲ್ಪಟ್ಟವರು. ಈ ಸಂಸ್ಥೆಯನ್ನು ಮುನ್ನಡೆಸಿದ ಅವರಿಗೆ 2018ರಲ್ಲಿ ಭಾರತ ಸರಕಾರವು ಪದ್ಮಶ್ರೀ ಪ್ರಶಸ್ತಿಯನ್ನು ಕೊಟ್ಟು ಗೌರವಿಸಿತು. ಒಂದು ಬಳಗವು ಆಕೆಯನ್ನು ಒಂದು ರೂಪದಲ್ಲಿ ಎರೆದಿತ್ತು. ಇನ್ನೊಂದು ಬಳಗದ ನಡುವೆ ನಿಂತು ಆಕೆಯು ತನ್ನ ರೂಪವನ್ನು ತಾನೇ ತಿದ್ದಿಕೊಂಡಳು, ಇತರರದನ್ನೂ ತಿದ್ದಿದಳು. ಈ ಅಧ್ಯಯನದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುವ ಸಂಗತಿ ಇದು. ಹುಟ್ಟಿನಿಂದ ಬಂದ ನಂಟನ್ನು ನಾವು ಆರಿಸಿಕೊಂಡಿಲ್ಲ. ಆದರೆ ಹೊಸದೊಂದು ಸಾಮೀಪ್ಯವು ದೊರೆತಲ್ಲಿ ಹಳೆಯ ಕೆತ್ತನೆಯು ಕಡೆಯದಾಗಿ ಉಳಿಯುವದಿಲ್ಲ. ಅದಕ್ಕೆ ಕಾಲ ಬೇಕು, ಒಬ್ಬಿಬ್ಬರಾದರೂ ಜೊತೆ ಬೇಕು.

ಮುತ್ತು ಕಟ್ಟುವ ಮನೆ ನಮ್ಮದಲ್ಲವೆಂದು ಓದುವವರು ನಿಶ್ಚಿಂತರಾಗಬಾರದು. ‘ನನ್ನ ಕಣ್ಣು ಮುಚ್ಚೂದರೊಳಗ ಮೊಮ್ಮಗಳ ಲಗ್ನ ನೋಡಬೇಕು’ ಎಂದು ಅಜ್ಜಿಯು ಹಟ ಹಿಡಿದುದಕ್ಕಾಗಿ, ಹತ್ತನೆಯ ಇಯತ್ತೆಯ ಹುಡುಗಿಯನ್ನು ಸೋದರಮಾವನಿಗೆ ಕೊಟ್ಟು ಕೈತೊಳೆದುಕೊಳ್ಳಲು ಮುಂದಾಗುವವರು ಗೋಕಾಕ, ಮೂಡಲಗಿ, ಹುಕ್ಕೇರಿಗಳ ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ. ಹುಡುಗಿಗೆ 18 ವರುಷ ತುಂಬಿರಬೇಕೆಂಬುದನ್ನು 2006ರ ಬಾಲ್ಯವಿವಾಹ ನಿಷೇಧ ಕಾಯದೆಯು ಸ್ಪಷ್ಟವಾಗಿ ಹೇಳುತ್ತದೆ. ಅಜ್ಜಿಯ ಪ್ರೀತಿ ಸುಳ್ಳಲ್ಲ. ಪ್ರೀತಿಯು ಸುಳ್ಳಲ್ಲವೆಂಬ ಕಾರಣದಿಂದಲೇ ಹುಡುಗಿಗೆ ಎದುರಾಡಲು ಬಾಯಿ ಬರುವದಿಲ್ಲ. ಇನ್ನು ಸಣ್ಣ ಮಾತುಗಳು: ‘ನಿನ್ನ ಅಕ್ಕನ್ನ ನೋಡಿ ಕಲಿ’, ‘ನಿನ್ನ ಬಣ್ಣಕ್ಕ ಎಂಥವ ಸಿಗತಾನೋ’ ಎಂಬಂಥವು. ಆಡಿದವರು ಸಂಜೆಯೊಳಗೆ ಮರೆಯುತ್ತಾರೆ. ಹುಡುಗಿಯು ಅವನ್ನು ಶಾಲೆಗೆ ಹೊತ್ತು ತಂದು, ತನಗಿಂತ ಮೆತ್ತಗಿನವಳ ಮೇಲೆ ಆಡಿ ತೋರಿಸುತ್ತಾಳೆ. ಕೆಟ್ಟ ಸಹವಾಸವು ಬೀದಿಯಲ್ಲಿಯೂ ಮೊಬೈಲಿನಲ್ಲಿಯೂ ಮಾತ್ರ ಇದೆಯೆಂದು ತಿಳಿದ ಪಾಲಕರಿಗೆ ನಾನು ಬೇರೇನೂ ಹೇಳದೆ, ನಡುವಿನ ವಿರಾಮದಲ್ಲಿ ಒಂದು ಗಳಿಗೆ ನಮ್ಮ ಅಂಗಳದ ಮಾತುಗಳನ್ನು ಕೇಳಿರೆಂದು ವಿನಂತಿಸುವೆನು.

ಪ್ರತಿವರುಷ ಜೂನ ತಿಂಗಳಿನಲ್ಲಿ ಎಂಟನೆಯ ಇಯತ್ತೆಗೆ ಬಂದವರಿಗೆ ನಾನು ಒಂದೊಂದು ಚೀಟಿಯನ್ನು ಕೊಟ್ಟು, ‘ನಿನಗೆ ದೊಡ್ಡ ತೊಂದರೆಯೊಂದು ಬಂದರೆ ಯಾವ ಹಿರಿಯರ ಮುಂದೆ ಹೇಳುವೆ?’ ಎಂಬ ಪ್ರಶ್ನೆಗೆ ಉತ್ತರ ಬರೆಯಿಸುತ್ತೇನೆ. ಅವ್ವ ಎಂದು ಬರೆಯುವವರೇ ಬಹಳ. ಅಜ್ಜಿ, ಅತ್ತೆ, ದೊಡ್ಡಮ್ಮ ಇವರೂ ಬರುತ್ತಾರೆ; ಶಾಲೆಯ ಗಂಟೆ ಬಾರಿಸುವ ಕಾಕಾನ ಹೆಸರೂ ಒಮ್ಮೆ ಬಂದಿತ್ತು. ಕೆಲವು ಚೀಟಿಗಳು ಮಾತ್ರ ಬರಿದಾಗಿಯೇ ನನ್ನ ಮೇಜಿಗೆ ಮರಳುತ್ತವೆ. ಆ ಹುಡುಗಿಯರಲ್ಲಿ ಒಬ್ಬೊಬ್ಬರಿಗೆ ಒಬ್ಬೊಬ್ಬ ಶಿಕ್ಷಕಿಯನ್ನು ಗೊತ್ತುಪಡಿಸಿದ್ದೇವೆ. ಆದರೆ ನಮ್ಮ ಸಂಖ್ಯೆಯು ಸಾಲದು. ಈ ಮೂರು ತಾಲೂಕುಗಳಲ್ಲಿ ಮನೆಮಾಡಿಕೊಂಡಿರುವ ಹಳೆಯ ವಿದ್ಯಾರ್ಥಿನಿಯರು ಬಹಳಿದ್ದೀರಿ. ಶನಿವಾರ ಶಾಲೆಯು ಮುಂಜಾನೆಯದಾಗಿರುತ್ತದೆ. ಮಧ್ಯಾಹ್ನ ಬೇವಿನ ಮರದ ಕೆಳಗಿನ ಕಟ್ಟೆ ಬರಿದಾಗಿರುತ್ತದೆ. ಒಂದು ತಾಸು ಬಿಡುವಿದ್ದವರು ಬರಬಹುದು. ಪಾಠವನ್ನಾಗಲಿ ಬುದ್ಧಿವಾದವನ್ನಾಗಲಿ ಹೇಳಬೇಕಾಗಿಲ್ಲ. ಅದೇ ಹುಡುಗಿಯ ಸಂಗಡ ವರುಷವಿಡೀ ಕೂಡ್ರುವಷ್ಟು ಸಮಾಧಾನವಿದ್ದರೆ ಸಾಕು. ಬರುವವರು ಮುಂಚಿತವಾಗಿ ಶಾಲೆಯ ಆಫೀಸಿನಲ್ಲಿ ತಮ್ಮ ಹೆಸರನ್ನು ಬರೆಯಿಸಬೇಕು.