ಕೂಗಿಗೆ ಮರುಕೂಗು

ಬಂಗಾರಪೇಟೆಯಿಂದ ಮಾರಿಕುಪ್ಪಮ್‌ಗೆ ಹೋಗುವ ಕವಲು ರೈಲುದಾರಿಯನ್ನು 1894ರಲ್ಲಿ ಚಿನ್ನದ ಗಣಿಗಳಿಗಾಗಿಯೇ ಹಾಕಲಾಯಿತು. ಊರ್ಗಾಂ, ಚಾಂಪಿಯನ್ ನಿಲ್ದಾಣಗಳನ್ನು ಹಾದು ಹೋಗುವ ಪ್ರಯಾಣಿಕನಿಗೆ ಬೂದು ಬಣ್ಣದ ದೊಡ್ಡ ದಿಬ್ಬಗಳು ಕಾಣುತ್ತವೆ. ಅದಿರನ್ನು ನುಣ್ಣಗೆ ಅರೆದು, ಸೈನೈಡ್ ದ್ರಾವಣದಿಂದ ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ ಪುಡಿಯ ರಾಶಿಗಳು ಇವು. ಊರಿನವರು ಇವನ್ನು ಸೈನೈಡ್ ಗುಡ್ಡಗಳೆಂದು ಕರೆಯುತ್ತಾರೆ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು, ಗುಡ್ಡಗಳು ಉಳಿದುವು. ಊರಿನಿಂದಾಚೆಗೆ ಕುರುಚಲು ಗಿಡಗಳು, ಹೆಬ್ಬಂಡೆಗಳ ಸಾಲು, ರಾಗಿ ಮತ್ತು ನೆಲಗಡಲೆಯ ಹೊಲಗಳು ಹರಡಿಕೊಂಡಿವೆ. ಬಂಡೆಗಳ ಸಂದಿನಲ್ಲಿ ಬಿಲ, ಹೊಲದಲ್ಲಿ ಇಲಿ, ಬೇಲಿಯಲ್ಲಿ ಎಲಚಿ ಹಣ್ಣು: ನರಿಗೆ ಬೇಕಾದುದೆಲ್ಲವೂ ಇಂತಹ ನೆಲದಲ್ಲಿ ದೊರೆಯುತ್ತದೆ.

ನರಿಯ ಕೂಗು ಗಿರಿ ಮುಟ್ಟೀತೇ ಎಂಬ ಗಾದೆಯೊಂದು ನಮ್ಮಲ್ಲಿದೆ. ಅಲ್ಪನ ಮಾತು ದೊಡ್ಡವರನ್ನು ತಲುಪದು ಎಂಬುದು ಅದರ ಅರ್ಥ. ಗಿರಿಯನ್ನು ಮುಟ್ಟದಿದ್ದರೆ ನರಿಗೇನೂ ನಷ್ಟವಿಲ್ಲ. ಅದು ಕೂಗುವುದು ಗಿರಿಗಾಗಿ ಅಲ್ಲ, ಇನ್ನೊಂದು ನರಿಗಾಗಿ. ಎಂಟು ಹತ್ತು ಕಿಲೋಗ್ರಾಂ ತೂಗುವ ಈ ಪ್ರಾಣಿಯಲ್ಲಿ ಗಂಡುಹೆಣ್ಣುಗಳು ಬಹುಕಾಲ ಜೊತೆಯಾಗಿ ಬಾಳುತ್ತವೆ. ಮರಿಗಳ ಪಾಲನೆಯಲ್ಲಿ ಎರಡೂ ಪಾಲುಗೊಳ್ಳುತ್ತವೆ. ಹಿಂದಿನ ವರ್ಷದ ಮರಿಗಳಲ್ಲಿ ಒಂದೆರಡು ತಾಯಿತಂದೆಯರ ಬಳಿಯಲ್ಲಿಯೇ ಉಳಿದು ತಮ್ಮಂದಿರನ್ನೂ ತಂಗಿಯರನ್ನೂ ಸಾಕಲು ನೆರವಾಗುವುದುಂಟು. ಸಂಜೆಗತ್ತಲಿನಲ್ಲಿ ಒಂದು ಊಳಿಟ್ಟೊಡನೆ ಮನೆಯವೆಲ್ಲವೂ ದನಿಗೂಡಿಸುತ್ತವೆ. ಮುಂದಿನ ದಿಣ್ಣೆಯಿಂದ ನೆರೆಯ ಕುಟುಂಬ ಉತ್ತರ ಕೊಡುತ್ತದೆ. “ನಾವು ಇಲ್ಲಿದ್ದೇವೆ, ಈ ನೆಲ ನಮ್ಮದು” ಎಂಬುದೇ ಆ ಗದ್ದಲದ ತಿರುಳು. ಹಾಗಿರುವಾಗ ತನ್ನ ನೆಲದ ನಟ್ಟನಡುವೆ ಪರಕೀಯ ನರಿಯೊಂದರ ಊಳು ಕೇಳಿದರೆ ಮನೆಯ ಯಜಮಾನನಾದ ನರಿ ಸುಮ್ಮನಿರುವುದು ಕಷ್ಟ. ಅದು ಉತ್ತರ ಕೊಡುತ್ತದೆ. ಕೆಲವೊಮ್ಮೆ ತಾನೇ ನೋಡಲು ಬರುತ್ತದೆ.

ಈ ಒಂದು ದೌರ್ಬಲ್ಯವನ್ನು—ಇದನ್ನು ದೌರ್ಬಲ್ಯವೆನ್ನುವುದಕ್ಕಿಂತ ಕರ್ತವ್ಯವೆನ್ನುವುದೇ ಸರಿಯೇನೋ—ಮನುಷ್ಯನು ಬಹು ಹಿಂದೆಯೇ ಕಂಡುಕೊಂಡನು. ಪ್ರಾಣಿಯನ್ನು ಅಟ್ಟಿಕೊಂಡು ಹೋಗುವುದಕ್ಕಿಂತ ಅದನ್ನು ತನ್ನ ಬಳಿಗೆ ಬರಮಾಡಿಕೊಳ್ಳುವುದು ಸುಲಭವೆಂದು ಬೇಟೆಗಾರರು ತಿಳಿದರು. ಪಳಗಿಸಿದ ಮೃಗವನ್ನು ಮುಂದೆ ಬಿಟ್ಟು ಕಾಡಿನ ಮೃಗವನ್ನು ಸೆಳೆಯುವ ಪದ್ಧತಿ ಹಳೆಯದು. ಅಂತಹ ಮೃಗಕ್ಕೆ ಹಳಗನ್ನಡದಲ್ಲಿ ‘ದೀವ’ ಎಂಬ ಹೆಸರೇ ಇದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಬೇಟೆಯ ನಾನಾ ವಿಧಾನಗಳ ವಿಸ್ತಾರವಾದ ವರ್ಣನೆಯಿದೆ. ಗೂಡಿನಲ್ಲಿಟ್ಟ ಗೌಜಲಹಕ್ಕಿಯನ್ನು ಕೂಗಿಸಿ ಕಾಡಿನ ಗೌಜಲಗಳನ್ನು ಉರುಳಿಗೆ ಬೀಳಿಸುವ ಬಗೆಯೂ ಇದೇ ಜಾತಿಯದು.

ದೀವದ ನೆರವೂ ಇಲ್ಲದೆ ತಮ್ಮ ಗಂಟಲನ್ನೇ ಸಾಧನವಾಗಿ ಮಾಡಿಕೊಂಡವರು ದಕ್ಷಿಣ ಭಾರತದ ಅಲೆಮಾರಿ ಬೇಟೆಗಾರರು. ಕರ್ನಾಟಕದಲ್ಲಿ ಇವರು ಹಕ್ಕಿಪಿಕ್ಕಿಗಳು. ತಮಿಳುನಾಡಿನಲ್ಲಿ ಇವರ ಬಂಧುಗಳಂತಿರುವವರಿಗೆ ನರಿಕುರವರೆಂದೇ ಹೆಸರು. ಮನೆಯಲ್ಲಿ ಇವರು ಆಡುವ ವಾಗ್ರಿ ಎಂಬ ನುಡಿ ಗುಜರಾತಿಗೆ ಹತ್ತಿರವಾದುದು. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನನ ಏಳು ಸಂಪುಟಗಳ ಗ್ರಂಥದಲ್ಲಿ ತಮಿಳುನಾಡಿನ ಈ ಜನರ ವಿಚಾರವೂ, ಅವರು ಮಾರುತ್ತಿದ್ದ ‘ನರಿಕೊಂಬಿ’ನ ವಿಚಾರವೂ ಬಂದಿವೆ. ನರಿಗೆ ಕೊಂಬು ಇರುವುದಿಲ್ಲವೆಂದು ನಿಮಗೆ ಹೇಳಬೇಕಾಗಿಲ್ಲ. ಆದರೂ ಅದನ್ನು ಪೆಟ್ಟಿಗೆಯಲ್ಲಿಟ್ಟರೆ ಹಣ ಕೂಡುತ್ತದೆಂದು ನಂಬಿ ಕೊಂಡವರು ವಿದ್ಯಾವಂತರಲ್ಲಿಯೂ ಇದ್ದರು. ಬೆಳಗ್ಗೆ ಎದ್ದು ನರಿಯ ಮುಖ ನೋಡಿದರೆ ಅದೃಷ್ಟವೆಂದು ಹೇಳುವ ನಾಡಿನಲ್ಲಿ ಆ ನರಿಯ ತಲೆಯ ತುಂಡೊಂದಕ್ಕೆ ಬೆಲೆ ಬಂದುದು ಆಶ್ಚರ್ಯವಲ್ಲ. ಅದರಿಂದ ನರಿಗೆ ಮಾತ್ರ ಯಾವ ಅದೃಷ್ಟವೂ ಒದಗಲಿಲ್ಲ.

ಕರೆದು ಬೇಟೆಯಾಡುವುದು ಹೊರಗಿನಿಂದ ಕಾಣುವಷ್ಟು ಸುಲಭವಾದ ವಿದ್ಯೆಯಲ್ಲ. ಮೊದಲು ಗಾಳಿಯನ್ನು ನೋಡಬೇಕು. ನರಿ ಕಿವಿಯನ್ನು ನಂಬಿ ಬರುತ್ತದೆ, ಆದರೆ ಮೂಗಿನಿಂದ ಖಚಿತ ಮಾಡಿಕೊಳ್ಳುತ್ತದೆ. ಕೂಗು ಬಂದ ಕಡೆಗೆ ನೇರವಾಗಿ ಬಾರದೆ, ಸುತ್ತು ಹಾಕಿ ಗಾಳಿ ಬೀಸುವ ದಿಕ್ಕಿಗೆ ಸರಿದು ವಾಸನೆ ಹಿಡಿಯುವುದು ಅದರ ಅಭ್ಯಾಸ. ಆದುದರಿಂದ ಕೂಗುವವನು ಎಲ್ಲಿ ಕುಳಿತುಕೊಳ್ಳಬೇಕು, ಜೊತೆಗಾರನು ಎಲ್ಲಿ ಅಡಗಿರಬೇಕು ಎಂಬುದನ್ನು ಮೊದಲೇ ನಿಶ್ಚಯಿಸಬೇಕು. ಎರಡನೆಯದಾಗಿ ಯಾವ ಕೂಗು ಎಂಬುದು. ಮೊಲವೊಂದು ಬಲೆಯಲ್ಲಿ ಸಿಕ್ಕಿ ಕಿರುಚುವ ದನಿಯನ್ನು ತುಟಿಗಳ ನಡುವೆ ಎಲೆಯಿಟ್ಟು ಹೊರಡಿಸಿದರೆ ಹಸಿದ ನರಿ ಬರುತ್ತದೆ. ಪರನರಿಯ ಊಳನ್ನು ಅನುಕರಿಸಿದರೆ ಹೊಟ್ಟೆ ತುಂಬಿದ ನರಿಯೂ ಬರುವುದುಂಟು. ಎಡೆಬಿಡದೆ ಕೂಗುವವನಿಗೆ ಏನೂ ದೊರೆಯುವುದಿಲ್ಲ. ಕೂಗಿದ ಮೇಲೆ ಅಲುಗಾಡದೆ ಕಾಯುವ ಹೊತ್ತೇ ಈ ವಿದ್ಯೆಯಲ್ಲಿ ಹೆಚ್ಚು.

ಅಮೆರಿಕದ ಬಯಲುಗಳಲ್ಲಿ ನಮ್ಮ ನರಿಯ ಸೋದರಸಂಬಂಧಿಯಂತಿರುವ ಕಯೋಟಿ ಎಂಬ ಪ್ರಾಣಿಯನ್ನು ಇಂದಿಗೂ ಹೀಗೆಯೇ ಕರೆದು ಕೊಲ್ಲುತ್ತಾರೆ. ಕುರಿಮಂದೆಗಳಿಗೆ ಶತ್ರುವೆಂದು ಅದರ ಮೇಲೆ ನೂರು ವರ್ಷಕ್ಕೂ ಮಿಗಿಲಾಗಿ ಬಂದೂಕು, ವಿಷ, ಬೋನುಗಳ ಯುದ್ಧ ನಡೆಯಿತು. ಅಷ್ಟಾದರೂ ಪಶ್ಚಿಮದ ಬಯಲುಗಳ ಆ ಪ್ರಾಣಿ ಪೂರ್ವದಲ್ಲಿ ಅಟ್ಲಾಂಟಿಕ್ ಕರಾವಳಿಯವರೆಗೂ ಹಬ್ಬಿತು.

ಹುಲಿಯೂ ಈ ಮೋಸಕ್ಕೆ ಒಳಗಾದುದುಂಟು. 1938ರಲ್ಲಿ ಕುಮಾವೂಂ ಬೆಟ್ಟಗಳ ಠಾಕ್ ಎಂಬಲ್ಲಿ ಜಿಮ್ ಕಾರ್ಬೆಟ್ ಗಂಡುಹುಲಿಯ ದನಿಯಲ್ಲಿ ಕೂಗಿ ನರಭಕ್ಷಕ ಹೆಣ್ಣುಹುಲಿಯನ್ನು ತನ್ನೆದುರಿಗೆ ಬರಮಾಡಿಕೊಂಡನು. ನಮ್ಮ ಗಡಿಗೆ ಇನ್ನೂ ಹತ್ತಿರದ ಜವಳಗಿರಿಯ ಕಾಡಿನಲ್ಲಿ ಬೆಂಗಳೂರಿನ ಕೆನೆತ್ ಆಂಡರ್ಸನ್ ಇದೇ ಉಪಾಯವನ್ನು ಮಾಡಿದನು. ಪೂರ್ಣಚಂದ್ರ ತೇಜಸ್ವಿಯವರು ಆಂಡರ್ಸನ್ನನ ಅನುಭವಗಳನ್ನು ಕನ್ನಡಕ್ಕೆ ತಂದಿರುವುದರಿಂದ ನೀವು ಅವನನ್ನು ಓದಿರಬಹುದು. ಸಂಗಾತಿಯನ್ನು ಕರೆಯುತ್ತಿದ್ದ ಪ್ರಾಣಿ, ಸಂಗಾತಿಯೇ ಉತ್ತರಿಸಿತೆಂದು ನಂಬಿ ಗುಂಡಿನೆದುರಿಗೆ ನಡೆದು ಬಂದಿತು. ಆ ಹುಲಿ ಮನುಷ್ಯರನ್ನು ಕೊಂದುದು ನಿಜ, ಅದನ್ನು ಕೊಲ್ಲಲೇಬೇಕಾಗಿದ್ದುದೂ ನಿಜ. ಆದರೂ ಆ ಕೂಗಿನ ಕಥೆ ಓದುವಾಗ ಮನಸ್ಸು ಕಳವಳಗೊಳ್ಳುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯೆಂಬ ಮಾತಿಗೆ ವಿಶಾಲವಾದ ಅರ್ಥವನ್ನು ಕೊಟ್ಟಿತು. ಕೊಲ್ಲುವುದು ಮಾತ್ರವಲ್ಲ, ಹಿಡಿಯುವುದು, ಉರುಳೊಡ್ಡುವುದು, ಆಮಿಷ ತೋರಿ ಸೆಳೆಯುವುದು ಸಹ ಬೇಟೆಯೇ. ನರಿಯೂ ಈ ಕಾಯಿದೆಯ ರಕ್ಷಣೆಗೆ ಒಳಪಟ್ಟಿದೆ. ಕಾನೂನು ನ್ಯಾಯವಾದುದೇ, ಹೊಲದ ಇಲಿಗಳನ್ನು ತಿಂದು ರೈತನಿಗೆ ಉಪಕಾರ ಮಾಡುವ ಪ್ರಾಣಿಯನ್ನು ಒಂದು ಮೂಢನಂಬಿಕೆಗಾಗಿ ಕೊಲ್ಲಬೇಕಾಗಿಲ್ಲ. ಆದರೆ ಅದರ ಭಾರವೆಲ್ಲ ಹೆಚ್ಚಾಗಿ ಬಿದ್ದುದು ಕಾಡಿನ ಹೊರತು ಬೇರೆ ಬದುಕನ್ನರಿಯದವರ ಮೇಲೆ. ಪರಿಶಿಷ್ಟ ಪಂಗಡಕ್ಕೆ ಸೇರಿದ ಹಕ್ಕಿಪಿಕ್ಕಿಗಳು ಬನ್ನೇರುಘಟ್ಟದ ಬಳಿಯಲ್ಲಿಯೂ ಬೇರೆಡೆಗಳಲ್ಲಿಯೂ ಕಾಲೋನಿಗಳಲ್ಲಿ ನೆಲೆಸಿದರು. ಮಣಿಸರ, ಪ್ಲಾಸ್ಟಿಕ್ ಹೂವು, ಗಿಡಮೂಲಿಕೆಯ ಎಣ್ಣೆಗಳ ವ್ಯಾಪಾರಕ್ಕೆ ಇಳಿದರು; ಎಣ್ಣೆ ಮಾರುತ್ತ ಆಫ್ರಿಕದವರೆಗೂ ಹೋದರು. 2023ರ ಏಪ್ರಿಲ್‌ನಲ್ಲಿ ಸೂಡಾನಿನಲ್ಲಿ ಯುದ್ಧ ಹೊತ್ತಿಕೊಂಡಾಗ ಅಲ್ಲಿ ಸಿಕ್ಕಿಬಿದ್ದ ಭಾರತೀಯರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿಗಳೂ ಇದ್ದರೆಂಬುದು ಪತ್ರಿಕೆಗಳಲ್ಲಿ ಬಂದಿತ್ತು. ತಲೆಮಾರುಗಳಿಂದ ಬಂದ ಕೂಗಿನ ವಿದ್ಯೆ ಹೊಸ ವ್ಯಾಪಾರದಲ್ಲಿ ಯಾವ ಕೆಲಸಕ್ಕೂ ಬಾರದು.

ಆ ವಿದ್ಯೆಗೆ ಬೇರೊಂದು ಉಪಯೋಗವೂ ಇದೆಯೆಂದು ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. ಕೆನಡಾದ ಆಲ್ಗಾಂಕ್ವಿನ್ ಉದ್ಯಾನದಲ್ಲಿ 1963ರಿಂದ ಸಾರ್ವಜನಿಕರೂ ಕೂಡಿ ನಿಂತು, ತೋಳಗಳಂತೆ ಊಳಿಟ್ಟು ಅವುಗಳ ಉತ್ತರವನ್ನು ಆಲಿಸುವ ಏರ್ಪಾಡು ನಡೆದುಬಂದಿದೆ. ಗ್ರೀಸ್, ಹಂಗೇರಿ ಮೊದಲಾದ ದೇಶಗಳಲ್ಲಿ ನರಿಗಳನ್ನು ಎಣಿಸುವುದೂ ಕೂಗಿನಿಂದಲೇ. ನರಿ ರಾತ್ರಿಯ ಪ್ರಾಣಿ. ಪೊದೆಯಲ್ಲಿ ಅಡಗಿದ್ದರೆ ಹತ್ತು ಹೆಜ್ಜೆಯ ಅಂತರದಲ್ಲಿಯೂ ಕಾಣದು. ಆದುದರಿಂದ ಧ್ವನಿವರ್ಧಕದಲ್ಲಿ ಅದರ ಊಳನ್ನು ಸ್ವಲ್ಪ ಹೊತ್ತು ನುಡಿಸುತ್ತಾರೆ. ಬಳಿಕ ಕೆಲವು ನಿಮಿಷ ಮೌನವಾಗಿ ಕಾಯುತ್ತಾರೆ. ಉತ್ತರ ಬಂದ ದಿಕ್ಕನ್ನು ದಿಕ್ಸೂಚಿಯಿಂದ ಗುರುತಿಸಿ, ಒಂದೇ ದನಿಯೋ ಗುಂಪೋ ಎಂಬುದನ್ನು ಬರೆದುಕೊಂಡು, ಕೆಲವು ಕಿಲೋಮೀಟರು ಆಚೆಗೆ ಹೋಗಿ ಮತ್ತೆ ನುಡಿಸುತ್ತಾರೆ. ಗುಂಪಾಗಿ ಊಳಿಟ್ಟಾಗ ಮೂರು ನರಿಗಳು ಆರಾಗಿ ಕೇಳಿಸುವುದರಿಂದ ಲೆಕ್ಕಕ್ಕೆ ಪಳಗಿದ ಕಿವಿ ಬೇಕು. ಒಂದೇ ಜಾಗದಲ್ಲಿ ಮೇಲಿಂದ ಮೇಲೆ ನುಡಿಸಿದರೆ ನರಿಗಳಿಗೆ ಮೋಸ ತಿಳಿದುಹೋಗುತ್ತದೆ. ಆಮೇಲೆ ಅವು ಅಲ್ಲಿಯೇ ಇದ್ದರೂ ಬಾಯಿ ಬಿಡುವುದಿಲ್ಲ.