ಮೊದಲು ಹೆಡರ್, ಆಮೇಲೆ ಜಿಲಿಬ್‌ಸಿ

ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಕೂತು 64 ಬಿಟ್‌ನ ರಾಸ್ಪ್‌ಬೆರಿ ಪೈ 4ಕ್ಕೆ ಟೂಲ್‌ಚೈನ್ ಕಟ್ಟುವವರಿಗೆ ಈ ದೃಶ್ಯ ಪರಿಚಿತ. ಸಿ ಲೈಬ್ರರಿಯಾದ ಜಿಲಿಬ್‌ಸಿಯ ಕಾನ್ಫಿಗರ್ ಸರಸರನೆ ಓಡುತ್ತಿರುತ್ತದೆ. ಇದ್ದಕ್ಕಿದ್ದಂತೆ, ಲಿನಕ್ಸ್ 3.2 ಅಥವಾ ಅದಕ್ಕಿಂತ ಹೊಸ ಕರ್ನಲ್ ಹೆಡರ್ ಬೇಕು ಎಂದು ಹೇಳಿ ನಿಂತುಬಿಡುತ್ತದೆ. ಲ್ಯಾಪ್‌ಟಾಪಿನಲ್ಲೇ ಬೇಕಾದಷ್ಟು ಹೆಡರ್‌ಗಳು ಬಿದ್ದಿವೆಯಲ್ಲ, ಅವನ್ನೇ ತೋರಿಸಿದರಾಯಿತು ಅನ್ನಿಸುವುದು ಸಹಜ. ಅಪಾಯ ಇರುವುದೂ ಅಲ್ಲೇ.

ಪ್ರೋಗ್ರಾಂ ಕರ್ನಲ್‌ನಿಂದ ಕೆಲಸ ಮಾಡಿಸಿಕೊಳ್ಳುವುದು ನಂಬರ್ ಹೇಳಿ. 64 ಬಿಟ್ ಇಂಟೆಲ್‌ನಲ್ಲಿ ‘ರೈಟ್’ ಕರೆಯ ನಂಬರ್ 1, ಪೈಯ ಚಿಪ್ ಬಗೆಯಾದ ಆರ್ಮ್64ನಲ್ಲಿ 64. ಆರ್ಮ್64ನಲ್ಲಿ 1 ಎಂದರೆ ‘ಐಒ ಡಿಸ್ಟ್ರಾಯ್’, ಅದಕ್ಕೂ ಬರೆಯುವುದಕ್ಕೂ ಸಂಬಂಧವೇ ಇಲ್ಲ. ಬೆಂಗಳೂರಿನ ಬಸ್ ನಂಬರ್ ನೆಚ್ಚಿಕೊಂಡು ಮೈಸೂರಿನಲ್ಲಿ ಬಸ್ ಹತ್ತಿದ ಹಾಗೆ. ಈ ನಂಬರುಗಳ ಪಟ್ಟಿ ಇರುವುದು ಹೆಡರ್‌ಗಳಲ್ಲಿ.

ಹಾಗಾಗಿ ಕೆಲಸದ ಕ್ರಮ ಹೀಗೆ: ಬಿನ್‌ಯುಟಿಲ್ಸ್, ಸಿ ಭಾಷೆಗೆ ಮಾತ್ರ ಸೀಮಿತವಾದ ಮೊದಲ ಸುತ್ತಿನ ಜಿಸಿಸಿ, ಕರ್ನಲ್ ಹೆಡರ್, ಜಿಲಿಬ್‌ಸಿ, ಕೊನೆಗೆ ಪೂರ್ತಿ ಜಿಸಿಸಿ. ಹೆಡರ್ ಹಾಕಲು ಕ್ರಾಸ್ ಕಂಪೈಲರ್ ಬೇಕಿಲ್ಲ, ಕರ್ನಲ್ ಕಾನ್ಫಿಗರ್ ಮಾಡುವುದೂ ಬೇಕಿಲ್ಲ. ಲ್ಯಾಪ್‌ಟಾಪಿನ ಕಂಪೈಲರ್ ಸಾಕು. ಬೇಕಾದರೆ ಎಲ್ಲಕ್ಕಿಂತ ಮೊದಲೇ ಹಾಕಿಟ್ಟುಕೊಳ್ಳಬಹುದು.

ಕರ್ನಲ್ ಸೋರ್ಸ್ ಬಿಚ್ಚಿ, ಮೊದಲು ‘ಮೇಕ್ ಎಂಆರ್‌ಪ್ರಾಪರ್’ ಓಡಿಸಿ ಹಳೆಯ ಕಸ ಗುಡಿಸಬೇಕು. ನಂತರ ಮೇಕ್‌ಗೆ ‘ಹೆಡರ್ಸ್_ಇನ್‌ಸ್ಟಾಲ್’ ಎಂದು ಕೊಟ್ಟು, ಜೊತೆಗೆ ದೊಡ್ಡಕ್ಷರದ ‘ಆರ್ಚ್’ಗೆ ಆರ್ಮ್64 ಎಂದೂ, ಹೆಡರ್ ಪಾತ್‌ಗೆ ಸಿಸ್‌ರೂಟ್ (ಪೈಗೆ ಬೇಕಾದ ಹೆಡರ್, ಲೈಬ್ರರಿಗಳನ್ನು ಇಡುವ ಫೋಲ್ಡರ್) ಒಳಗಿನ ಯುಎಸ್ಆರ್ ಫೋಲ್ಡರ್ ಎಂದೂ ಹೇಳಬೇಕು. ಜಿಸಿಸಿ ಇದೇ ಚಿಪ್ಪನ್ನು ‘ಎ-ಆರ್ಚ್64’ ಎಂದು ಕರೆಯುತ್ತದೆ. ಆ ಹೆಸರನ್ನು ಕರ್ನಲ್‌ಗೆ ಕೊಟ್ಟರೆ ಅಂಥ ಫೋಲ್ಡರೇ ಇಲ್ಲ ಎಂದು ಅದು ಮುನಿಸಿಕೊಳ್ಳುತ್ತದೆ. ಕೆಲವು ಆವೃತ್ತಿಗಳಿಗೆ ಆರ್‌ಸಿಂಕ್ ಬೇಕು. ಅದಿಲ್ಲದಿದ್ದರೆ ಬರೀ ‘ಮೇಕ್ ಹೆಡರ್ಸ್’ ಓಡಿಸಿ, ಸಿದ್ಧವಾದ ಫೋಲ್ಡರನ್ನು ಕೈಯಾರೆ ನಕಲು ಮಾಡಿದರಾಯಿತು.

ಕರ್ನಲ್ ಸೋರ್ಸಿನ ಇನ್‌ಕ್ಲೂಡ್ ಫೋಲ್ಡರನ್ನೇ ನೇರವಾಗಿ ತೋರಿಸುವುದು ಹಳೆಯ ಚಾಳಿ. ಅಲ್ಲಿರುವುದು ಕರ್ನಲ್‌ನ ಒಳಮನೆಯ ಮಾತು. ಇನ್‌ಸ್ಟಾಲ್ ಹಂತದಲ್ಲಿ ಯುನಿಫ್‌ಡೆಫ್ ಎಂಬ ಸಾಧನ ಅದನ್ನು ಸೋಸಿ, ಹೊರಗಿನವರಿಗೆ ಬೇಕಾದಷ್ಟನ್ನೇ ಉಳಿಸುತ್ತದೆ. ಈ ಸೌಲಭ್ಯ 2006ರಲ್ಲಿ 2.6.18ರ ಜೊತೆ ಬಂತು. ಅದಕ್ಕೂ ಮುಂಚೆ ಡಿಸ್ಟ್ರಿಬ್ಯೂಷನ್‌ನವರೇ ಕೂತು ಹೆಡರ್ ಸ್ವಚ್ಛ ಮಾಡಬೇಕಿತ್ತು. 2012ರ 3.7ರಿಂದ ಹೊರಗಿನವರಿಗೆ ಮೀಸಲಾದ ಹೆಡರ್‌ಗಳಿಗೆ ‘ಯುಎಪಿಐ’ ಎಂಬ ಬೇರೆ ಫೋಲ್ಡರೇ ಇದೆ. ಡೆಬಿಯನ್ ಬಳಸುವವರಿಗೆ ಒಂದು ಕಿವಿಮಾತು: ‘ಲಿನಕ್ಸ್-ಹೆಡರ್ಸ್’ ಪ್ಯಾಕೇಜು ಡ್ರೈವರ್ ಮಾಡ್ಯೂಲ್ ಕಟ್ಟುವವರಿಗೆ. ಇಲ್ಲಿ ಅದರಿಂದ ಪ್ರಯೋಜನವಿಲ್ಲ.

ಯಾವ ಆವೃತ್ತಿ? ಪೈ ಮೇಲೆ 6.1 ಓಡುತ್ತಿದ್ದರೆ 6.1ರ ಹೆಡರ್, ಇಲ್ಲವೇ ಅದಕ್ಕಿಂತ ಹಳೆಯದು. ಹಳೆಯ ಕರೆಗಳನ್ನು ಹೊಸ ಕರ್ನಲ್ ಕೈಬಿಡುವುದಿಲ್ಲ. ಲಿನಸ್ ಟೊರ್ವಾಲ್ಡ್ಸ್ ಈ ವಿಷಯದಲ್ಲಿ ಭಾರೀ ಕಟ್ಟುನಿಟ್ಟು. ತೊಂದರೆ ಬರುವುದು ಉಲ್ಟಾ ಆದಾಗ. ‘ಓಪನ್‌ಎಟ್2’ ಕರೆ ಬಂದದ್ದು 2020ರ 5.6ರಲ್ಲಿ. ಅದನ್ನು ಬಳಸುವ ಪ್ರೋಗ್ರಾಮನ್ನು 6.1ರ ಹೆಡರಿನಿಂದ ಕಟ್ಟಿ 5.4ರ ಮೇಲೆ ಓಡಿಸಿದರೆ ಕಂಪೈಲ್ ಸಲೀಸಾಗಿ ಮುಗಿಯುತ್ತದೆ, ಓಡುವಾಗ ಮಾತ್ರ ಅಂಥ ಕರೆಯೇ ಇಲ್ಲ ಎಂಬ ಉತ್ತರ ಸಿಗುತ್ತದೆ. ಜಿಲಿಬ್‌ಸಿಗೆ ಇದನ್ನು ಸಂಭಾಳಿಸಿ ಹಳೆಯ ದಾರಿ ಹಿಡಿಯುವುದು ಗೊತ್ತು, ಎಲ್ಲ ಪ್ರೋಗ್ರಾಂಗಳಿಗೂ ಆ ಜಾಣತನ ಇರುವುದಿಲ್ಲ.

ಹೆಡರ್ ಬಿದ್ದಿತೋ ಇಲ್ಲವೋ ನೋಡಲು ಲಿನಕ್ಸ್ ಫೋಲ್ಡರಿನ ವರ್ಷನ್ ಫೈಲ್ ತೆರೆಯಬೇಕು. 6.1 ಸರಣಿಯಾದರೆ ಅಲ್ಲಿನ ಅಂಕಿ 393472ರಿಂದ 393727ರೊಳಗೆ ಇರುತ್ತದೆ. ಆಮೇಲೆ ಜಿಲಿಬ್‌ಸಿಯ ‘ವಿತ್-ಹೆಡರ್ಸ್’ಗೆ ಸಿಸ್‌ರೂಟಿನ ಇನ್‌ಕ್ಲೂಡ್ ಫೋಲ್ಡರಿನ ದಾರಿ ಕೊಟ್ಟು ಮುಂದುವರಿಯಬಹುದು. ‘ಎನೇಬಲ್-ಕರ್ನಲ್’ ಆಯ್ಕೆಗೆ 5.10 ಎಂದರೆ ಅದಕ್ಕಿಂತ ಹಳೆಯ ಕರ್ನಲ್‌ಗಳಿಗಾಗಿ ಇಟ್ಟ ಬದಲಿ ಕೋಡ್ ಬಿಟ್ಟುಹೋಗುತ್ತದೆ. ಹಳೆಯ ಜಿಲಿಬ್‌ಸಿ ಆವೃತ್ತಿಗಳಲ್ಲಿ ಹೀಗೆ ಕಟ್ಟಿದ ಪ್ರೋಗ್ರಾಂ 4.19ರ ಮೇಲೆ ಹೋದರೆ ‘ಕರ್ನಲ್ ತೀರಾ ಹಳೆಯದು’ ಎಂದು ಹೇಳಿ ಅಲ್ಲೇ ಕುಸಿಯುತ್ತಿತ್ತು.

ಜಿಲಿಬ್‌ಸಿಯ ಬದಲು ಮಸ್ಲ್ ಎಂಬ ಸಿ ಲೈಬ್ರರಿ ಆರಿಸಿಕೊಂಡವರು ಸ್ವಲ್ಪ ಹಾಯಾಗಿರಬಹುದು. ಕರೆಗಳ ನಂಬರುಗಳನ್ನು ಅದು ತನ್ನ ಜೊತೆಗೇ ತರುತ್ತದೆ, ಲೈಬ್ರರಿ ಕಟ್ಟಲು ಕರ್ನಲ್ ಹೆಡರ್ ಕೇಳುವುದಿಲ್ಲ. ಮುಂದೆ ಬಿಸಿಬಾಕ್ಸ್‌ನಂಥ ಪ್ರೋಗ್ರಾಂ ಕಟ್ಟುವಾಗ ಮಾತ್ರ ಹೆಡರ್ ಬೇಕೇ ಬೇಕು.