ಹಣ್ಣಿನ ನೊಣದ ಸಾಕ್ಷಿ ಮತ್ತು ಮನುಷ್ಯನ ಔಷಧ

ಯಾವುದೇ ವಿಷಯವನ್ನು ಪರೀಕ್ಷಿಸಲು ಚರಕಸಂಹಿತೆಯು ನಾಲ್ಕು ಮಾರ್ಗಗಳನ್ನು ಹೇಳುತ್ತದೆ. ಬಲ್ಲವರ ಮಾತು ಆಪ್ತೋಪದೇಶ; ಇಂದ್ರಿಯಗಳಿಗೆ ನೇರವಾಗಿ ಗೋಚರಿಸಿದ್ದು ಪ್ರತ್ಯಕ್ಷ; ಕಂಡದ್ದರಿಂದ ಕಾಣದುದನ್ನು ಊಹಿಸುವುದು ಅನುಮಾನ; ಅನೇಕ ಕಾರಣಗಳನ್ನು ಕೂಡಿಸಿ ನಿರ್ಣಯಿಸುವುದು ಯುಕ್ತಿ. ಈಗ ನೆಲ್ಲಿಕಾಯಿ, ಬ್ರಾಹ್ಮಿ, ಅರಿಶಿನಗಳಿಂದಾದ ಉತ್ಪನ್ನಗಳ ಮೇಲೆ ‘ಪ್ರಯೋಗಸಿದ್ಧ ಆಂಟಿಆಕ್ಸಿಡೆಂಟ್’ ಎಂಬ ಬರಹ ಸಾಮಾನ್ಯವಾಗಿದೆ. ಅದನ್ನು ನಂಬಿ ಸಕ್ಕರೆ ಕಾಯಿಲೆಯ, ರಕ್ತದೊತ್ತಡದ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸುವ ಹಿರಿಯರೂ ಇದ್ದಾರೆ. ಆದ್ದರಿಂದ ಆ ಪ್ರಯೋಗ ಎಂಥದು, ಅದರಿಂದ ಸಿದ್ಧವಾಗುವುದು ಎಷ್ಟು ಎಂಬುದನ್ನು ಸದ್ಭಕ್ತರು ಅರಿಯುವುದು ಅವಶ್ಯ.

ಕತ್ತರಿಸಿಟ್ಟ ಬದನೆಕಾಯಿ ಗಾಳಿ ತಾಗಿ ಕಪ್ಪಾಗುತ್ತದೆ. ಆಮ್ಲಜನಕದಿಂದ ಆಗುವ ಇಂಥ ಸವೆತ ನಮ್ಮ ಜೀವಕೋಶಗಳಲ್ಲಿಯೂ ನಡೆಯುತ್ತಿರುತ್ತದೆ. ಅದನ್ನು ತಡೆಯುವ ದ್ರವ್ಯವೇ ಆಂಟಿಆಕ್ಸಿಡೆಂಟ್.

ನೊಣವೇ ಏಕೆ?

ಕಳಿತ ಬಾಳೆಹಣ್ಣಿನ ಮೇಲೆ ಮುತ್ತುವ, ಕೆಂಪು ಕಣ್ಣಿನ ಪುಟ್ಟ ನೊಣಕ್ಕೆ ವಿಜ್ಞಾನಿಗಳು ಡ್ರೊಸೊಫಿಲಾ ಎನ್ನುತ್ತಾರೆ. ಮಾವಿನ ತೋಟಗಳನ್ನು ಕಾಡುವ ಹಣ್ಣುನೊಣ ಇದಲ್ಲ. ಅದು ಬೇರೆ ಜಾತಿಯದು, ಗಾತ್ರದಲ್ಲಿ ದೊಡ್ಡದು. ಡ್ರೊಸೊಫಿಲಾ ಮೊಟ್ಟೆಯಿಂದ ಪ್ರೌಢಾವಸ್ಥೆಗೆ ಬರಲು ಸುಮಾರು 10 ದಿನ ಸಾಕು. ಅದರ ಆಯುಷ್ಯ ಎರಡು ಮೂರು ತಿಂಗಳು. ಮನುಷ್ಯನ ರೋಗಗಳಿಗೆ ಸಂಬಂಧಿಸಿದ ಜೀನುಗಳಲ್ಲಿ ಮುಕ್ಕಾಲು ಪಾಲಿಗೆ ಹೋಲುವ ಜೀನುಗಳು ಇದರಲ್ಲಿವೆ. ಹೀಗಾಗಿ ಒಂದು ಔಷಧದ ಪರಿಣಾಮವನ್ನು ಇಡೀ ಜೀವಮಾನದಲ್ಲಿ ನೋಡಲು ಇದು ಅನುಕೂಲ.

ಪರೀಕ್ಷೆಯ ಕ್ರಮ ಸರಳ. ಒಂದು ಗುಂಪಿನ ನೊಣಗಳಿಗೆ ಔಷಧ ಬೆರೆಸಿದ ಆಹಾರ, ಇನ್ನೊಂದಕ್ಕೆ ಬರಿಯ ಆಹಾರ ಕೊಡುತ್ತಾರೆ. ಬಳಿಕ ಸವೆತವನ್ನು ಹೆಚ್ಚಿಸುವ ವಿಷವನ್ನು ಉಣಿಸಿ, ಬದುಕುಳಿದವುಗಳನ್ನು ಎಣಿಸುತ್ತಾರೆ. ಗಾಜಿನ ನಳಿಗೆಯನ್ನು ಮೆಲ್ಲಗೆ ತಟ್ಟಿದಾಗ ಎಷ್ಟು ನೊಣಗಳು ಮೇಲೇರುತ್ತವೆ ಎಂಬುದರಿಂದ ಅವುಗಳ ಬಲವನ್ನು ಅಳೆಯುತ್ತಾರೆ.

ಎರಡು ಅಧ್ಯಯನಗಳು

ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಬ್ರಾಹ್ಮಿ ಎಲೆಯ ಪುಡಿಯನ್ನು ಹೀಗೆ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ರೊಟೆನೋನ್ ಎಂಬ ಕೀಟನಾಶಕದಿಂದ ನೊಣಗಳ ನರಮಂಡಲಕ್ಕೆ ಆಗುವ ಹಾನಿಯನ್ನು ಬ್ರಾಹ್ಮಿ ತಗ್ಗಿಸಿತು. ಅದನ್ನು ತಿಂದವು ಚೆನ್ನಾಗಿ ಮೇಲೇರಿದವು.

ಮಣಿಪಾಲದ ಡಾ. ಎಂ. ಎಸ್. ವಲಿಯತ್ತಾನ್ ಹಾಗೂ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಪ್ರೊ. ಎಸ್. ಸಿ. ಲಖೋಟಿಯಾ ಅವರನ್ನೊಳಗೊಂಡ ತಂಡವು 2012ರಲ್ಲಿ ಆಮಲಕಿ ರಸಾಯನ ಮತ್ತು ಪಾದರಸದಿಂದಾಗುವ ರಸಸಿಂಧೂರಗಳ ಅಧ್ಯಯನವನ್ನು ಪ್ರಕಟಿಸಿತು. ಆಹಾರದಲ್ಲಿ ಔಷಧದ ಪ್ರಮಾಣ ಶೇಕಡಾ 0.5. ಎರಡರಿಂದಲೂ ಶಾಖವನ್ನು ಸಹಿಸುವ ಶಕ್ತಿ ಹೆಚ್ಚಿತು. ಆಯುಷ್ಯವೂ ಹಸಿವನ್ನು ತಾಳುವ ಬಲವೂ ಹೆಚ್ಚಿದ್ದು ಆಮಲಕಿಯಿಂದ ಮಾತ್ರ. ಮರಿಹುಳುವಿನ ಹಂತದಿಂದಲೇ ಆಮಲಕಿ ತಿಂದ ನೊಣಗಳ ಸಂತಾನಶಕ್ತಿ ಹೆಚ್ಚಿತು. ಪ್ರೌಢಾವಸ್ಥೆಯಲ್ಲಷ್ಟೇ ತಿಂದವುಗಳಲ್ಲಿ ಹೆಚ್ಚಲಿಲ್ಲ. ಔಷಧ ಒಂದೇ, ವಯಸ್ಸು ಬೇರೆಯಾದರೆ ಫಲವೂ ಬೇರೆ. ವಯಸ್ಸು, ಕಾಲ, ಬಲಗಳನ್ನು ನೋಡಿ ಔಷಧ ಕೊಡಬೇಕೆಂಬ ನಮ್ಮ ಶಾಸ್ತ್ರದ ಮಾತು ಇಲ್ಲಿ ನೆನಪಾಗುತ್ತದೆ.

ಔಷಧದ ನೂಲು

ಅರಿಶಿನದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದು ಅತ್ಯಲ್ಪ; ಕರುಳಿನಿಂದ ರಕ್ತಕ್ಕೆ ಸೇರುವುದೂ ಕಡಿಮೆ. ಇಂಥ ದ್ರವ್ಯಗಳನ್ನು ಪಾಲಿಮರ್ ದ್ರಾವಣದಲ್ಲಿ ಬೆರೆಸಿ, ಅಧಿಕ ವಿದ್ಯುತ್ ಒತ್ತಡದಲ್ಲಿ ಸೂಜಿಯ ಮೊನೆಯಿಂದ ಎಳೆ ತೆಗೆಯುವ ವಿಧಾನವೊಂದಿದೆ. ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್. ಈ ಎಳೆಯದು ಸಾಮಾನ್ಯವಾಗಿ ಕೆಲವು ನೂರು ಮಾತ್ರ. ಇಳಕಲ್ ಸೀರೆಯ ರೇಷ್ಮೆ ಎಳೆಯೂ ಇದರ ಮುಂದೆ ಹಗ್ಗವೇ ಸರಿ. ಎಳೆ ಸೂಕ್ಷ್ಮವಾದಷ್ಟೂ ಮೇಲ್ಮೈ ಹೆಚ್ಚಿ ಔಷಧ ಬೇಗ ಕರಗುತ್ತದೆ. ಇದನ್ನು ನೊಣಗಳಲ್ಲಿ ಪರೀಕ್ಷಿಸುವಾಗ ಔಷಧವಿಲ್ಲದ ಬರಿಯ ನೂಲನ್ನೂ, ನೂಲಿಲ್ಲದ ಬರಿಯ ಔಷಧವನ್ನೂ ಬೇರೆ ಬೇರೆ ಗುಂಪುಗಳಿಗೆ ಕೊಡಲೇಬೇಕು. ಇಲ್ಲವಾದರೆ ಗುಣ ಯಾವುದರಿಂದ ಬಂತೆಂದು ಹೇಳಲಾಗದು.

ನಾವು ತಿಳಿಯಬೇಕಾದುದು

ನೊಣದಲ್ಲಿ ಕಂಡ ಗುಣ ನೊಣದ ಮಟ್ಟಿಗೆ ಪ್ರತ್ಯಕ್ಷ. ಮನುಷ್ಯನ ಮಟ್ಟಿಗೆ ಅದು ಅನುಮಾನ. ಅದು ಮುಂದಿನ ಪರೀಕ್ಷೆಗೆ ಬಾಗಿಲು ತೆರೆಯುತ್ತದೆ, ಅಷ್ಟೆ. ರಸಸಿಂಧೂರ ತಿಂದ ನೊಣಗಳಲ್ಲಿ ವಿಷಲಕ್ಷಣ ಕಾಣಲಿಲ್ಲ ಎಂಬುದು ನಿಜ. ಆದರೆ ಎರಡು ತಿಂಗಳು ಬಾಳುವ ನೊಣದ ಸಾಕ್ಷಿಯಿಂದ, ಎಪ್ಪತ್ತು ವರ್ಷ ದುಡಿಯಬೇಕಾದ ಮೂತ್ರಪಿಂಡಕ್ಕೆ ಅಭಯ ಸಿಗದು. ಪಾದರಸದ ಔಷಧಗಳನ್ನು ವೈದ್ಯರ ನೇರ ಮೇಲ್ವಿಚಾರಣೆಯಿಲ್ಲದೆ ಸೇವಿಸಬಾರದು.

‘ಪ್ರಯೋಗಸಿದ್ಧ’ ಎಂಬ ಮಾತು ಕಂಡಾಗ ಮೂರು ಪ್ರಶ್ನೆ ಕೇಳಿರಿ: ಪ್ರಯೋಗ ನಡೆದದ್ದು ಗಾಜಿನ ನಳಿಗೆಯಲ್ಲೋ, ನೊಣದಲ್ಲೋ, ಮನುಷ್ಯರಲ್ಲೋ? ಯಾವ ಪ್ರಮಾಣದಲ್ಲಿ? ಯಾವ ರೋಗಕ್ಕೆ? ಆಹಾರದಲ್ಲಿ ನೆಲ್ಲಿಕಾಯಿ ಒಳ್ಳೆಯದೇ. ಆದರೆ ಚ್ಯವನಪ್ರಾಶದಲ್ಲಿ ಸಕ್ಕರೆ ಬಹಳವಿರುತ್ತದೆಂಬುದನ್ನು ಮಧುಮೇಹಿಗಳು ಮರೆಯಬಾರದು. ನಡೆಯುತ್ತಿರುವ ಮಾತ್ರೆಗಳನ್ನು ತಾವಾಗಿ ನಿಲ್ಲಿಸಬೇಡಿರಿ. ಆಯುರ್ವೇದದ ಔಷಧ ಆರಂಭಿಸುವಾಗ ಅದನ್ನು ಮಾತ್ರೆ ಬರೆದ ವೈದ್ಯರಿಗೂ, ಮಾತ್ರೆಯ ವಿಷಯವನ್ನು ಆಯುರ್ವೇದ ವೈದ್ಯರಿಗೂ ತಿಳಿಸಿರಿ. ಪ್ರಶ್ನಿಸಿ ಔಷಧ ಸೇವಿಸುವುದು ಅಶ್ರದ್ಧೆಯಲ್ಲ. ಪರೀಕ್ಷಿಸಿ ಸ್ವೀಕರಿಸಬೇಕೆಂಬುದು ಆಯುರ್ವೇದದ್ದೇ ಉಪದೇಶ.